ಸಿರುಗುಪ್ಪಕ್ಕೆ ಔಷಧ, ಕುರುಗೋಡಿಗೆ ಹೊಗಳಿಕೆ

ಕುರುಗೋಡಿನ ಮಕ್ಕಳ ಕಿವಿಗಳೆಲ್ಲ ಒಣಗಿವೆ ಎಂದು ಕಂಡುಹಿಡಿದ ಆರೋಗ್ಯಾಧಿಕಾರಿಗಳೇ,

ಒಣಗಿಲ್ಲ. ಮೊದಲು ಇಷ್ಟನ್ನು ಹೇಳಿ ಮುಂದಿನದಕ್ಕೆ ಹೋಗುತ್ತೇನೆ. ಕಳೆದ ದೀಪಾವಳಿ ಮುಗಿದ ಮೇಲೆ ನೀವು ನಮ್ಮೂರಿನ ಶಾಲೆಗೆ ಬಂದಿರಿ. ಸಾಲಾಗಿ ನಿಂತ ಮಕ್ಕಳ ಮುಂದೆ ಒಮ್ಮೆ ನಡೆದು, ಕಿವಿ ಸೋರುವ ಮಗು ಇಲ್ಲಿ ಒಂದೂ ಇಲ್ಲವೆಂದು ಸಂತೋಷಪಟ್ಟು, ಹೆಡ್ ಮಾಸ್ತರರ ಕೈ ಕುಲುಕಿ ಹೊರಟಿರಿ. ಅದೇ ವಾರ ಸಿರುಗುಪ್ಪದ ಶಾಲೆಯಲ್ಲಿ ಮಕ್ಕಳ ಕಿವಿ ಸೋರುವುದನ್ನು ಕಂಡು ಬೇಸರಪಟ್ಟಿದ್ದಿರಿ. ಬೇಸರವಾದ ಊರಿಗೆ ಪ್ರತಿ ಶನಿವಾರ ಒಬ್ಬ ಕಂಪೌಂಡರನ್ನೂ ಔಷಧದ ಪೆಟ್ಟಿಗೆಯನ್ನೂ ಕಳಿಸುವ ಏರ್ಪಾಟು ಮಾಡಿದಿರಿ. ಸಂತೋಷವಾದ ಊರಿಗೆ ಹೊಗಳಿಕೆ ಕೊಟ್ಟಿರಿ. ಆ ಹೊಗಳಿಕೆಯನ್ನು ನನ್ನ ಮಗನ ಕಿವಿಗೆ ಬಿಟ್ಟು ನೋಡಿದ್ದೇವೆ. ಗುಣ ಕಾಣಲಿಲ್ಲ.

ನಾನು ಮಾತು ಕಡಿಮೆಯ ಹೆಂಗಸು. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ನಮ್ಮ ಮನೆಯವರು ಬಳ್ಳಾರಿಗೆ ಹೋದಾಗಲೆಲ್ಲ ವಾಚನಾಲಯದಿಂದ ಒಂದು ಕಾದಂಬರಿ ತಂದುಕೊಡುತ್ತಾರೆ. ಬಂಗಾಳಿಯಿಂದಲೋ ಮರಾಠಿಯಿಂದಲೋ ದೂರದ ರಷ್ಯಾದಿಂದಲೋ ಕನ್ನಡಕ್ಕೆ ಬಂದದ್ದು. ಅವನ್ನು ಓದಿ ಓದಿ ನನಗೊಂದು ಅಭ್ಯಾಸವಾಗಿದೆ. ಒಂದು ಭಾವನೆಗೆ ಸರಿಯಾದ ಹೆಸರು ಸಿಗುವ ತನಕ ಅದರ ಬಗ್ಗೆ ಬಾಯಿ ತೆರೆಯುವುದಿಲ್ಲ. ಈ ಪತ್ರಕ್ಕೂ ಅಂಥ ಹೆಸರು ಹುಡುಕಿದೆ. ‘ಅನ್ಯಾಯ’ ಎಂದು ಬರೆದು ಹೊಡೆದುಹಾಕಿದೆ. ‘ಸಾರ್ವಜನಿಕ ಹಿತ’ ಎಂದು ಬರೆದೆ. ಅದು ನಿಮ್ಮ ಭಾಷೆ, ನನಗೆ ಒಗ್ಗಲಿಲ್ಲ. ಕೊನೆಗೆ ಉಳಿದದ್ದು ಹೊಟ್ಟೆಕಿಚ್ಚು. ಅದನ್ನೇ ಇಟ್ಟುಕೊಂಡಿದ್ದೇನೆ.

ಹೊಟ್ಟೆಕಿಚ್ಚು ನಿಮ್ಮ ಮೇಲೆ ಎಂದುಕೊಳ್ಳಬೇಡಿ. ದೊಡ್ಡ ಬಂಗಲೆಗಳಲ್ಲಿ ಒಂದು ಮಗು ಸೀನಿದರೆ ಡಾಕ್ಟರು ಜೀಪಿನಲ್ಲಿ ಬರುತ್ತಾರೆಂದು ಕೇಳಿದ್ದೇನೆ. ಬರಲಿ. ಅಷ್ಟು ದೂರದವರನ್ನು ಕಂಡು ಉರಿಯಲು ನನಗೆ ಬಿಡುವಿಲ್ಲ. ನನ್ನ ಹೊಟ್ಟೆಕಿಚ್ಚು ಒಡಹುಟ್ಟಿದ ತಂಗಿಯ ಮೇಲೆ. ಅವಳು ಗುರುಬಸಮ್ಮ, ಸಿರುಗುಪ್ಪಕ್ಕೆ ಕೊಟ್ಟ ಹೆಣ್ಣು. ಅವಳು ನನಗೆ ಯಾವ ಕೆಡುಕನ್ನೂ ಮಾಡಿಲ್ಲ. ನಮ್ಮಿಬ್ಬರ ನಡುವೆ ಈ ಕಿಚ್ಚು ಹೊತ್ತಿಸಿದವರು ನೀವು.

ನಾವಿಬ್ಬರೂ ಒಂದೇ ಬೇಸಿಗೆಯಲ್ಲಿ ತೆಕ್ಕಲಕೋಟೆಯ ತವರುಮನೆಯಲ್ಲಿ ಹೆತ್ತವರು. ನನಗೆ ಮಗ ಗವಿಸಿದ್ದಪ್ಪ, ಅವಳಿಗೆ ಮಗಳು ಕೊಟ್ರಬಸಮ್ಮ. ಒಂದೇ ಬಾಣಂತಿ ಕೋಣೆ, ಒಂದೇ ಅಗ್ಗಿಷ್ಟಿಕೆ, ಒಂದೇ ಲೋಬಾನದ ಹೊಗೆ. ನಮ್ಮವ್ವ ಎರಡೂ ಕೂಸುಗಳಿಗೆ ಎರೆದು, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಒಂದೇ ಬಟ್ಟಲಿನಿಂದ ನಾಲ್ಕೂ ಕಿವಿಗಳಿಗೆ ಬಿಡುತ್ತಿದ್ದಳು. ನಾವಿಬ್ಬರೂ ಮಲಗಿಕೊಂಡೇ ಹಾಲು ಕುಡಿಸಿದೆವು. ಇಬ್ಬರು ಮಕ್ಕಳಿಗೂ ನೆಗಡಿಯಾದಾಗಲೆಲ್ಲ ಕಿವಿನೋವು. ಒಂದೆರಡು ದಿನ ಸಮಾಧಾನವಿಲ್ಲದ ಅಳು, ಆಮೇಲೆ ದಿಂಬಿನ ಮೇಲೆ ಹಳದಿ ಕಲೆ, ಆಮೇಲೆ ನಗು. ಕೀವು ಹೊರಗೆ ಬಂದರೆ ನೋವು ನಿಲ್ಲುತ್ತದೆ. ನೋವು ನಿಂತರೆ ಮನೆ ಮರೆಯುತ್ತದೆ. ಮತ್ತೆ ನೆಗಡಿ, ಮತ್ತೆ ನೋವು, ಮತ್ತೆ ಅದೇ ಕಲೆ. ಹಲ್ಲು ಬರುವ ತನಕ ಹೀಗೇ ಎಂದರು, ಹಲ್ಲು ಬಂದವು. ನಡೆಯಲು ಕಲಿತರೆ ನಿಲ್ಲುತ್ತದೆ ಎಂದರು. ನಡೆದರು, ಓಡಿದರು, ಕಿವಿ ಸೋರಿಸಿಕೊಂಡೇ ಓಡಿದರು. ಶಾಲೆಗೆ ಸೇರುವ ತನಕ ಎರಡು ಮಕ್ಕಳಲ್ಲಿ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಆದ್ದರಿಂದ ಅಕ್ಕತಂಗಿಯರಲ್ಲೂ ಇರಲಿಲ್ಲ.

ನಾನು ಓದಿದ ಕಾದಂಬರಿಗಳಲ್ಲಿ ಮಕ್ಕಳಿಗೆ ದೊಡ್ಡ ರೋಗಗಳು ಬರುತ್ತವೆ. ಮಗು ಜ್ವರದಲ್ಲಿ ಕನವರಿಸುತ್ತದೆ, ಕಿಟಕಿಯಾಚೆ ಹಿಮ ಬೀಳುತ್ತದೆ, ಹಾಸಿಗೆಯ ಸುತ್ತ ನಿಂತ ದೊಡ್ಡವರು ತಮ್ಮ ಜಗಳ ಮರೆಯುತ್ತಾರೆ. ಕಿವಿ ಸೋರುವ ಮಗು ಮಾತ್ರ ಯಾವ ದೇಶದ ಕಾದಂಬರಿಯಲ್ಲೂ ನನಗೆ ಸಿಕ್ಕಿಲ್ಲ. ವಾಸನೆ ಬರುವ ಕಾಯಿಲೆಯನ್ನು ಲೇಖಕರು ಬರೆಯುವುದಿಲ್ಲ, ಅಧಿಕಾರಿಗಳು ಹತ್ತಿರ ನಿಂತು ನೋಡುವುದಿಲ್ಲ. ಕೊಲ್ಲುವ ಕಾಯಿಲೆಗೆ ಒಂದು ಗೌರವವಿದೆ. ಪ್ಲೇಗು ಬಂದರೆ ಊರು ಬಿಡಿಸುತ್ತೀರಿ; ಸಿಡುಬಿಗೆ ಮನೆಮನೆಗೆ ಬಂದು ತೋಳು ಹಿಡಿಯುತ್ತೀರಿ. ಇದು ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಮಗುವನ್ನು ಪಾಠದಿಂದ, ಆಟದಿಂದ, ತಾಯಿಯ ಕರೆಯಿಂದ ಸ್ವಲ್ಪಸ್ವಲ್ಪವೇ ದೂರ ಒಯ್ಯುತ್ತದೆ. ದೂರ ಹೋದ ಮಗುವಿಗೆ ಊರವರು ಮೊಂಡ ಎಂದು ಹೆಸರಿಡುತ್ತಾರೆ, ಮಾಸ್ತರರು ದಡ್ಡ ಎನ್ನುತ್ತಾರೆ. ಯಾವ ಇಲಾಖೆಯೂ ಅದನ್ನು ಸಾವಿನ ಲೆಕ್ಕಕ್ಕೆ ಸೇರಿಸುವುದಿಲ್ಲ; ಸೇರಿಸುವಂಥದ್ದೂ ಅಲ್ಲ. ಹಾಗಾದರೆ ಯಾವ ಲೆಕ್ಕಕ್ಕೆ ಸೇರಿಸುತ್ತೀರಿ?

ಕಳೆದ ಮಳೆಗಾಲದಲ್ಲಿ ನಿಮ್ಮ ಹುಕುಂ ಬಂತು. ಕಿವಿ ಸೋರುವ ಮಕ್ಕಳು ಉಳಿದ ಮಕ್ಕಳ ನಡುವೆ ಕೂರಬಾರದು, ಒಣಗುವ ತನಕ ಅವರನ್ನು ಮನೆಗೆ ಕಳಿಸಬೇಕು. ಒಣಗಿಸುವುದು ಹೇಗೆ ಎಂಬುದು ಅದರಲ್ಲಿ ಇರಲಿಲ್ಲ. ಯಾರನ್ನು ಹೊರಗೆ ಕಳಿಸಬೇಕೆಂದು ತಿಳಿಸಿ, ಹೊರಗೆ ಹೋದವರು ಒಳಗೆ ಬರುವ ದಾರಿಯನ್ನು ಮರೆತ ಹುಕುಂ ಅದು. ಶಾಲೆಗೆ ಕಳಿಸಬೇಕೆಂದು ಹಟ ಹಿಡಿದ ತಾಯಂದಿರು ಏನು ಮಾಡುತ್ತಾರೆ? ಹತ್ತಿ ಬೆಳೆಯುವ ಸೀಮೆಯ ತಾಯಂದಿರು ಏನು ಮಾಡುತ್ತಾರೆಂದು ನೀವು ಒಂದು ನಿಮಿಷವಾದರೂ ಯೋಚಿಸಿದ್ದರೆ ಈ ಪತ್ರ ಬೇಕಿರಲಿಲ್ಲ.

ನೀವು ಬರುವ ಹಿಂದಿನ ದಿನ ಹೆಡ್ ಮಾಸ್ತರ ತಿಪ್ಪೇರುದ್ರಪ್ಪನವರು ನಮ್ಮ ಓಣಿಯ ಮನೆಮನೆಗೆ ಬಂದರು. ಅವರು ಕೆಟ್ಟವರಲ್ಲ. ಊರಿನ ಮರ್ಯಾದೆಯನ್ನು ತಮ್ಮ ಮನೆಯ ಒಡವೆಯಂತೆ ಕಾಯುವವರು. ಕಟ್ಟೆಯ ಮೇಲೆ ಕೂತು ನಮ್ಮ ಅತ್ತೆಗೆ ಹೇಳಿದರು:

“ನಾಳಿ ಸಾಹೇಬ್ರು ಬರ್ತಾರವ್ವ. ಮೊನ್ನೆ ಸಿರುಗುಪ್ಪದಾಗ ಅರ್ಧ ಸಾಲಿ ಹುಡುಗರ ಕಿವಿ ಸೋರತಿತ್ತಂತ. ಸಾಹೇಬ್ರು ಮೂಗಿಗೆ ಕರವಸ್ತ್ರ ಹಿಡ್ಕೊಂಡು ಹೊರಗ ಬಂದ್ರಂತ. ನಮ್ಮೂರಾಗ ಹಂಗ ಆಗಬಾರ್ದು.”

ನಮ್ಮ ಅತ್ತೆ ವೀರಭದ್ರಮ್ಮನವರು ಓಣಿಗೆಲ್ಲ ದೇವರ ದೀಪದ ಬತ್ತಿ ಹೊಸೆದುಕೊಡುವವರು. ಅದಕ್ಕೆಂದು ಬೀಜ ಬಿಡಿಸದ ಹತ್ತಿಯ ಒಂದು ಬುಟ್ಟಿ ವರ್ಷವಿಡೀ ನಮ್ಮ ಪಡಸಾಲೆಯಲ್ಲಿ ಇರುತ್ತದೆ. ಅವರು ಬುಟ್ಟಿಯ ಕಡೆ ನೋಡಿ, “ಚಿಂತಿ ಬಿಡ್ರಿ ಮಾಸ್ತರ, ಕುರುಗೋಡಾಗ ಹತ್ತಿಗೇನು ಬರಗಾಲ?” ಎಂದರು. ಕಿವಿಗೆ ಬಿರಡೆ ಹಾಕಿದರೆ ಒಳಗಿನ ಕೀವು ಎಲ್ಲಿಗೆ ಹೋಗಬೇಕೆಂದು ನಾನು ಬಾಗಿಲಿನ ಮರೆಯಿಂದ ಕೇಳಿದೆ. ಅತ್ತೆ ನನ್ನ ಕಡೆ ತಿರುಗಲೂ ಇಲ್ಲ.

“ಎಲ್ಲಿಗಾರ ಹೋಗಲಿ, ಸಾಹೇಬ್ರ ಕಣ್ಣಿಗೆ ಬೀಳದಿದ್ರ ಸಾಕು. ಕಿವಿ ಸೋರ್ತೈತಿ ಅಂತ ಊರೆಲ್ಲ ಡಂಗುರ ಹೊಡದ್ರ ನಾಳಿ ಇವಗ ಹೆಣ್ಣು ಕೊಡೋರು ಯಾರು?”

ಮದುವೆಯ ಮಾತು ಯಾರದೋ ಆ ಗಂಡು ಆಗ ಅಂಗಳದಲ್ಲಿ ಬೆಲ್ಲದ ಚೂರು ಚೀಪುತ್ತ ಕೂತಿದ್ದ. ಅವನಿಗೆ ಐದು ವರ್ಷ.

ಸೋರುವ ಕಿವಿಗೆ ಮಾತ್ರ ಹತ್ತಿ ಇಟ್ಟರೆ ಗುರುತು ಸಿಗುತ್ತದೆಂದು ಮಾಸ್ತರರಿಗೆ ಹೊಳೆಯಿತು. ಮರುದಿನ ಒಳ್ಳೆಯ ಕಿವಿ, ಕೆಟ್ಟ ಕಿವಿ ಎನ್ನದೆ ಇಡೀ ಶಾಲೆ ಎರಡೂ ಕಿವಿಗೆ ಹತ್ತಿ ತುಂಬಿಕೊಂಡು ಬಂತು. ಚಳಿಗಾಳಿಗೆ ಕಿವಿ ಮುಚ್ಚುವುದು ನಮ್ಮೂರಿನ ಪದ್ಧತಿ ಎಂದು ಮಾಸ್ತರರು ನಿಮಗೆ ವಿವರಿಸಿದರಂತೆ. ನೀವು ಮೆಚ್ಚಿದಿರಂತೆ. ಇದು ಶುಚಿಯಾದ ಅಭ್ಯಾಸ, ಬೇರೆ ಶಾಲೆಗಳೂ ನೋಡಿ ಕಲಿಯಬೇಕು ಎಂದಿರಂತೆ. ಆಮೇಲೆ ಮಕ್ಕಳಿಗೆ ಏನೋ ಪ್ರಶ್ನೆ ಕೇಳಿದಿರಂತೆ. ಒಬ್ಬರೂ ಉತ್ತರ ಹೇಳಲಿಲ್ಲ. ಮತ್ತೊಮ್ಮೆ ಕೇಳಿದಿರಿ. ಆಗಲೂ ಇಲ್ಲ. ಮಕ್ಕಳು ಬಹಳ ವಿನಯವಂತರು ಎಂದು ಹೇಳಿ ಜೀಪು ಹತ್ತಿದಿರಂತೆ. ಇದನ್ನು ನಾನು ಕಟ್ಟಿ ಬರೆಯುತ್ತಿಲ್ಲ. ಆ ಸಂಜೆ ಮಾಸ್ತರರೇ ನಮ್ಮ ಕಟ್ಟೆಯ ಮೇಲೆ ಕೂತು ಹೆಮ್ಮೆಯಿಂದ ಹೇಳಿದ ಮಾತು. ಆರೋಗ್ಯವನ್ನು ಪರೀಕ್ಷಿಸಲು ಬಂದವರು ಕಿವುಡನ್ನು ವಿನಯವೆಂದು ತಿಳಿದು ಹೋದ ಊರು ಈ ಜಿಲ್ಲೆಯಲ್ಲಿ ನಮ್ಮದೊಂದೇ ಇರಬೇಕು.

ನಿಮ್ಮ ಮೆಚ್ಚುಗೆಯ ಫಲವಾಗಿ ಹತ್ತಿ ಅಂದಿನಿಂದ ಶಾಲೆಯ ನಿಯಮವಾಯಿತು. ಟೋಪಿ ಇಲ್ಲದಿದ್ದರೂ ನಡೆಯುತ್ತದೆ, ಹತ್ತಿ ಇಲ್ಲದಿದ್ದರೆ ನಡೆಯದು. ಮಾರ್ಗಶಿರ ಮುಗಿಯುವುದರೊಳಗೆ ನನ್ನ ಮಗನ ಬಲಗಿವಿಯ ಹಿಂದೆ ಊತ ಬಂತು. ಜ್ವರದಲ್ಲಿ ಅವನನ್ನು ಹೊತ್ತು ಬಳ್ಳಾರಿಯ ಬಸ್ಸು ಹತ್ತಿದೆವು. ದೊಡ್ಡ ಆಸ್ಪತ್ರೆಯ ಡಾಕ್ಟರು ಬೆಳಕು ಬಿಟ್ಟು ನೋಡಿ, ಚಿಮಟದಿಂದ ಒಳಗಿನ ಹತ್ತಿಯನ್ನು ಎಳೆದರು. ದಿನವೂ ಮೇಲೆ ಹೊಸದನ್ನು ಇಡುತ್ತಿದ್ದೆವು; ಒಳಗೆ ಜಾರಿ ಉಳಿದ ಹಳೆಯದೊಂದು ಯಾರಿಗೂ ಗೊತ್ತಿರಲಿಲ್ಲ. ಕಪ್ಪಾಗಿ ಕೊಳೆತ ಆ ಉಂಡೆಯನ್ನು ತಟ್ಟೆಯಲ್ಲಿ ಬಿಡಿಸಿದಾಗ ನಡುವೆ ಒಂದು ಹತ್ತಿಬೀಜ ಇತ್ತು, ಕೀವಿನಲ್ಲಿ ನೆನೆದು ಉಬ್ಬಿದ್ದು.

“ಏನಮ್ಮಾ, ಹೊಲ ಸಾಲಲಿಲ್ಲ ಅಂತ ಕಿವ್ಯಾಗ ಬಿತ್ತೀರೇನು?” ಎಂದರು ಡಾಕ್ಟರು.

ದೇವರ ಬತ್ತಿಗಾದರೆ ನಮ್ಮ ಅತ್ತೆ ಒಂದು ಬೀಜದ ಸಿಪ್ಪೆಯನ್ನೂ ಉಳಿಸುವವರಲ್ಲ. ಮೊಮ್ಮಗನ ಕಿವಿಗೆ ಅವಸರದಲ್ಲಿ ಕಿತ್ತ ಹತ್ತಿಯಲ್ಲಿ ಒಂದು ಉಳಿದುಹೋಗಿತ್ತು. ಅತ್ತೆಯವರನ್ನು ನಾನು ದೂರುವುದಿಲ್ಲ. ಹುಕುಂ ಇಲ್ಲದಿದ್ದರೆ ಬುಟ್ಟಿ ಇದ್ದ ಕಡೆಯೇ ಇರುತ್ತಿತ್ತು. ಡಾಕ್ಟರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಲಾರೆ, ಅರ್ಥ ಇಷ್ಟು: ಬಲಗಿವಿಯ ತಮಟೆ ತೂತಾಗಿದೆ, ಕೇಳುವುದು ಬಹಳ ಕಡಿಮೆ. ಎಡಗಿವಿ ಸೋರುತ್ತಿದೆ, ಆದರೆ ಇನ್ನೂ ಪೂರ್ತಿ ಕೆಟ್ಟಿಲ್ಲ. ಎಣ್ಣೆ ಬೇಡ, ನೀರು ಬೇಡ, ಮುಚ್ಚುವುದಂತೂ ಬೇಡವೇ ಬೇಡ. ಶುದ್ಧ ಹತ್ತಿಯ ಬತ್ತಿಯಿಂದ ಮೃದುವಾಗಿ ಒರೆಸಿ ತೆಗೆದು, ಹನಿ ಬಿಟ್ಟು, ಗಾಳಿಯಾಡಲು ಬಿಡಬೇಕು. ವಾರಕ್ಕೊಮ್ಮೆ ತಿಳಿದವರು ಒಳಗೆ ನೋಡಬೇಕು. ಹಾಗೆ ಮಾಡಿದರೆ ಎಡಗಿವಿ ಉಳಿಯುತ್ತದೆ. ತಡವಾದರೆ ಅದೂ ಬಲಗಿವಿಯ ದಾರಿ ಹಿಡಿಯುತ್ತದೆ.

ಆ ‘ವಾರಕ್ಕೊಮ್ಮೆ ತಿಳಿದವರು’ ಪ್ರತಿ ಶನಿವಾರ ಸಿರುಗುಪ್ಪದಲ್ಲಿ ಇರುತ್ತಾರಲ್ಲ! ಸಂಕ್ರಾಂತಿಗೆ ಮಗನನ್ನು ಕರೆದುಕೊಂಡು ತಂಗಿಯ ಮನೆಗೆ ಹೋದೆ. ಶಾಲೆಯ ಜಗುಲಿಯಲ್ಲಿ ತಾಯಂದಿರು ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸಾಲಾಗಿ ಕೂತಿದ್ದರು. ಎಲ್ಲರ ಕಿವಿಗಳೂ ತೆರೆದಿದ್ದವು. ಯಾರೂ ನಾಚಿಕೊಳ್ಳುತ್ತಿರಲಿಲ್ಲ, ಒಬ್ಬಳ ಮಗುವಿನ ಕಿವಿಯನ್ನು ಇನ್ನೊಬ್ಬಳು ಇಣುಕಿ ನೋಡಿ ಮೊದಲಿಗಿಂತ ವಾಸಿ ಎನ್ನುತ್ತಿದ್ದಳು. ಆ ಜಗುಲಿಯನ್ನು ಕಂಡಾಗ ನನಗೆ ಆದದ್ದನ್ನು ಹೇಗೆ ಹೇಳಲಿ? ಒಡವೆ ಹಾಕಿಕೊಂಡವರನ್ನು ಕಂಡು ನಾನು ಎಂದೂ ಹಾಗೆ ನೋಡಿದವಳಲ್ಲ. ಕೀವು ಸೋರುವ ಮಕ್ಕಳನ್ನು ಮಡಿಲಲ್ಲಿ ಇಟ್ಟುಕೊಂಡ ಹೆಂಗಸರನ್ನು ಕಂಡು ನನ್ನ ಕಣ್ಣು ಉರಿಯಿತು.

ನಮ್ಮ ಸರದಿ ಬಂದಾಗ ಕಂಪೌಂಡರ್ ಹೊನ್ನೂರಪ್ಪ ಊರು ಕೇಳಿದ. ಹೇಳಿದೆ.

“ಕುರುಗೋಡಾ? ಕುರುಗೋಡಾಗ ಕಿವಿ ಸೋರೋ ಹುಡುಗರೇ ಇಲ್ಲಂತ ಸಾಹೇಬ್ರು ಹೇಳ್ಯಾರಲ್ರಿ ಅಕ್ಕಾರ. ಹಂಗಾದ್ರ ಇವ ಎಲ್ಲಿಯವ?”

ಜಗುಲಿಯೆಲ್ಲ ನಕ್ಕಿತು. ಅವನು ಕುಚೋದ್ಯಕ್ಕೆ ಹೇಳಿದ್ದು. ಅಂದು ನನ್ನ ಮಗನ ಕಿವಿಯನ್ನೂ ಒರೆಸಿ ಹನಿ ಬಿಟ್ಟ. ಆದರೆ ಔಷಧ ಈ ಶಾಲೆಯ ಮಕ್ಕಳಿಗೆಂದು ಬರುವುದು, ಪ್ರತಿ ವಾರ ಬೇರೆ ಊರಿನವರಿಗೆ ಕೊಡಲು ತನಗೆ ಅಪ್ಪಣೆಯಿಲ್ಲ ಎಂದೂ ಹೇಳಿದ. ಆಗ ನನ್ನ ತಂಗಿ ನನ್ನನ್ನು ಕೇಳದೆ ಉತ್ತರ ಕೊಟ್ಟಳು.

“ಇವನೂ ನನ್ನ ಮಗ ಅಂತ ತಿಳ್ಕೊಳ್ರಿ ಹೊನ್ನೂರಪ್ಪಾರ. ಇದೇ ಸಾಲಿಗೆ ಓದಾಕ ಹಾಕ್ತೀನಿ.”

ಅಷ್ಟು ಒಳ್ಳೆಯ ಮನಸ್ಸಿನಿಂದ ಬಂದ ಮಾತು ಅಷ್ಟು ಆಳಕ್ಕೆ ಇಳಿಯಬಹುದೆಂದು ನನಗೆ ಗೊತ್ತಿರಲಿಲ್ಲ.

ಅಂದು ಸಂಜೆ ಎರಡು ಮಕ್ಕಳೂ ಅಂಗಳದಲ್ಲಿ ನಮ್ಮ ಕಡೆ ಬೆನ್ನು ಮಾಡಿಕೊಂಡು ಹುಣಸೆಬೀಜ ಆಡುತ್ತಿದ್ದರು. ಗುರುಬಸಮ್ಮ ಅಡುಗೆಮನೆಯ ಹೊಸ್ತಿಲಿನಿಂದ, ದನಿ ಏರಿಸದೆ, ಮಗಳನ್ನು ಊಟಕ್ಕೆ ಕರೆದಳು. ಕೊಟ್ರಬಸಮ್ಮ ತಿರುಗಿ ನೋಡಿದಳು. ಅಷ್ಟೇ. ಒಂದು ಮಗು ತಾಯಿಯ ಕರೆಗೆ ತಿರುಗಿತು, ಇದರಲ್ಲಿ ಬರೆಯುವಂಥದ್ದೇನಿದೆ? ಅದೇ ಹೊಸ್ತಿಲಿನಿಂದ, ಅದೇ ದನಿಯಲ್ಲಿ ನಾನು ಗವಿಸಿದ್ದನನ್ನು ಕರೆದೆ. ಅವನು ಬೀಜ ಎಣಿಸುತ್ತಲೇ ಇದ್ದ. ಮತ್ತೆ ಕರೆದೆ. ಕೊಟ್ರಬಸಮ್ಮ ಅವನ ಭುಜ ಮುಟ್ಟಿ ನನ್ನ ಕಡೆ ಕೈ ತೋರಿಸಿದಳು. ಆಗ ತಿರುಗಿದ, ನಕ್ಕ. ಒಂದೇ ಬಟ್ಟಲಿನ ಎಣ್ಣೆ ಬಿಡಿಸಿಕೊಂಡ ಮಕ್ಕಳು. ಈಗ ನನ್ನ ಕರೆಯನ್ನು ನನ್ನ ಮಗನಿಗೆ ಮುಟ್ಟಿಸಲು ನನ್ನ ತಂಗಿಯ ಮಗಳು ಬೇಕು.

“ಅಕ್ಕಾ, ಒಂದು ವರ್ಷ ಬಿಟ್ಟು ಹೋಗು,” ಎಂದಳು ಗುರುಬಸಮ್ಮ. “ನಾ ಏನು ಹೊರಗಿನಾಕಿಯೇನು?”

ಹೊರಗಿನವಳಾಗಿದ್ದರೆ ಬಿಟ್ಟು ಬರುತ್ತಿದ್ದೆನೇನೋ. ನೋಡೋಣ ಎಂದಷ್ಟೇ ಹೇಳಿ, ಮರುದಿನ ಮಗನನ್ನು ಕರೆದುಕೊಂಡು ಬಂದೆ. ಬತ್ತಿ ತಿರುಚುವುದು ಹೇಗೆ, ಎಷ್ಟು ಒಳಗೆ ಹಿಡಿಯಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನೆಲ್ಲ ಅವಳೇ ತೋರಿಸಿಕೊಟ್ಟಳು. ಅವಳ ಬೆರಳುಗಳು ನನ್ನವಕ್ಕಿಂತ ಚೆನ್ನಾಗಿ ಕಲಿತಿದ್ದವು. ಅದಕ್ಕೂ ಉರಿದುಕೊಂಡೆ.

ಈಗ ನಮ್ಮ ಮನೆಯಲ್ಲಿ ನಡೆಯುವುದನ್ನು ಕೇಳಿ. ಬೆಳಿಗ್ಗೆ ಮಗನ ಎಡಗಿವಿಯನ್ನು ಒರೆಸಿ ಒಣಗಿಸುತ್ತೇನೆ. ಶಾಲೆಯ ಬಾಗಿಲಲ್ಲಿ ಅದಕ್ಕೆ ಹತ್ತಿ ತುರುಕುತ್ತಾರೆ. ಸಂಜೆ ಒದ್ದೆ ಹತ್ತಿಯನ್ನು ತೆಗೆದು ಮೊದಲಿನಿಂದ ಶುರುಮಾಡುತ್ತೇನೆ. ಹತ್ತಿ ಬೇಡವೆಂದು ಮಾಸ್ತರರನ್ನು ಕೇಳಿಕೊಂಡೆವು. ಅವರು ನಿಮ್ಮ ಹುಕುಮನ್ನೂ ನಿಮ್ಮ ಮೆಚ್ಚುಗೆಯನ್ನೂ ಒಟ್ಟಿಗೆ ಮುಂದಿಟ್ಟರು. ತೆರೆದ ಕಿವಿ ಸೋರಿದರೆ ಹುಕುಮಿನ ಪ್ರಕಾರ ಮನೆಗೆ ಕಳಿಸಬೇಕು. ಮುಚ್ಚಿದ ಕಿವಿಯನ್ನು ಸಾಹೇಬರೇ ಹೊಗಳಿದ್ದಾರೆ. ಕಿವಿ ಬೇಕೆಂದರೆ ಶಾಲೆ ಬಿಡಬೇಕು, ಶಾಲೆ ಬೇಕೆಂದರೆ ಕಿವಿ ಬಿಡಬೇಕು. ಕೇಳದ ಮಗುವಿಗೆ ಶಾಲೆ ಯಾತಕ್ಕೆ, ಹೇಳಿ? ಸಿರುಗುಪ್ಪದಲ್ಲಿ ಔಷಧ ನಡೆಯುತ್ತಿದೆಯೆಂದು ಸೋರುವ ಕಿವಿಯ ಮಕ್ಕಳನ್ನೂ ಒಳಗೆ ಕೂರಿಸುತ್ತಾರೆ. ಅಲ್ಲಿಯ ತಾಯಂದಿರು ಮಾಡಿದ ಪುಣ್ಯವೇನು? ನಿಮ್ಮ ಮೂಗಿಗೆ ಕರವಸ್ತ್ರ ಬರುವಂತೆ ಮಾಡಿದರು, ಅಷ್ಟೇ. ನಾವು ನಿಮ್ಮ ಮೂಗನ್ನು ಕಾಪಾಡಿದೆವು. ಅದರ ಬೆಲೆಯನ್ನು ನಮ್ಮ ಮಕ್ಕಳು ಕೊಡು‌ತ್ತಿದ್ದಾರೆ. ನಮ್ಮ ಓಣಿಯಲ್ಲೇ ಇಂಥ ಮಕ್ಕಳು ಇನ್ನೂ ಇದ್ದಾರೆ. ಅವರ ತಾಯಂದಿರ ಹೆಸರು ಬರೆಯುವುದಿಲ್ಲ. ಅವರು ಈ ಪತ್ರ ಓದಿ ನನ್ನನ್ನು ಬಯ್ಯುತ್ತಾರೆ, ಆಮೇಲೆ ಮಗುವಿನ ಕಿವಿಯ ಹತ್ತಿ ತೆಗೆದು ನೋಡುತ್ತಾರೆ.

ಇದೆಲ್ಲವನ್ನೂ ಬರೆದು ಗುಟ್ಟಾಗಿ ನಿಮ್ಮ ಕಚೇರಿಗೆ ಅರ್ಜಿ ಹಾಕಬಹುದಿತ್ತಲ್ಲ ಎನ್ನಬಹುದು. ಊರೆಲ್ಲ ಸೇರಿ ಮುಚ್ಚಿದ್ದನ್ನು ಒಬ್ಬಳು ಗುಟ್ಟಾಗಿ ತೆರೆಯಲಾಗುವುದಿಲ್ಲ. ಕುರುಗೋಡಿನಲ್ಲಿ ಕಿವಿ ಸೋರುವ ಮಕ್ಕಳಿದ್ದಾರೆ ಎಂದು ಎಲ್ಲರಿಗೂ ಕಾಣುವಂತೆ ಅಚ್ಚಾಗಬೇಕು. ಅಚ್ಚಾದ ದಿನ ಮಾಸ್ತರರು ನಮ್ಮ ಕಟ್ಟೆಗೆ ಬರುವುದು ನಿಲ್ಲಿಸುತ್ತಾರೆ. ಅತ್ತೆಯವರು ಎಷ್ಟು ದಿನ ಮಾತು ಬಿಡುತ್ತಾರೋ ತಿಳಿಯದು. ಮನೆಯವರು ಓದಿ ನೋಡಿ, ಒಂದು ಕಾಗುಣಿತ ತಿದ್ದಿ, ಲಕೋಟೆ ತಂದುಕೊಟ್ಟರು.

ಬಳ್ಳಾರಿ ಆಂಧ್ರಕ್ಕೆ ಹೋಗಬೇಕೋ ಮೈಸೂರಿಗೆ ಸೇರಬೇಕೋ ಎಂದು ಈಗ ದಾರಿದಾರಿಯಲ್ಲಿ ಕೂಗುತ್ತಿದ್ದಾರೆ. ಮೆರವಣಿಗೆ ನಮ್ಮ ಮನೆಯ ಮುಂದೆಯೇ ಹೋಯಿತು. ಬಾಗಿಲಿಗೆ ಬಲಗಿವಿ ಕೊಟ್ಟು ಕೂತಿದ್ದ ನನ್ನ ಮಗ ತಲೆ ಎತ್ತಲಿಲ್ಲ. ನಾವು ಯಾವ ರಾಜ್ಯಕ್ಕಾದರೂ ಸೇರುತ್ತೇವೆ. ಸೇರುವ ಮಕ್ಕಳಿಗೆ ಅದರ ಹೆಸರಾದರೂ ಕೇಳಿಸಬೇಡವೇ?

ನಾನು ಕೇಳುವುದು ದೊಡ್ಡದಲ್ಲ. ಆ ಹುಕುಮನ್ನು ಹಿಂದಕ್ಕೆ ತೆಗೆದುಕೊಳ್ಳಿ. ಮೆಚ್ಚಿದ ಬಾಯಿಂದಲೇ ಹತ್ತಿ ಬೇಡವೆಂದು ಹೇಳಿ. ನೀವು ಹೇಳಿದರೆ ಮಾಸ್ತರರು ಅಂದೇ ಬುಟ್ಟಿ ಖಾಲಿ ಮಾಡಿಸುತ್ತಾರೆ. ಸಿರುಗುಪ್ಪದ ಶನಿವಾರವನ್ನು ಕಿತ್ತು ನಮಗೆ ಕೊಡಬೇಡಿ. ನನ್ನ ಹೊಟ್ಟೆಕಿಚ್ಚು ಅಷ್ಟು ಕೀಳಲ್ಲ. ಅವರಿಗಿರುವಂಥದ್ದೇ ಇನ್ನೊಂದು ದಿನ ನಮಗೆ ಬೇಕು. ಕೊಡುವ ಮೊದಲು ನೋಡಬೇಕೆಂದರೆ ಮುಂಚಿತವಾಗಿ ತಿಳಿಸದೆ ಬನ್ನಿ. ಮಕ್ಕಳ ಮುಂದೆ ನಡೆಯಬೇಡಿ, ಹಿಂದೆ ನಿಂತು ಮೆಲ್ಲಗೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯಿರಿ. ಯಾರ ಕಿವಿ ಹೇಗಿದೆಯೆಂದು ನಿಮಗೆ ಕೂಡಲೇ ತಿಳಿಯುತ್ತದೆ.

ಬೇಸಿಗೆ ರಜೆಗೆ ಶಾಲೆ ಮುಚ್ಚುವುದರೊಳಗೆ ಬನ್ನಿ. ಬಾರದಿದ್ದರೆ ನಾನು ಕಾಯುವುದಿಲ್ಲ. ಜೂನಿನಲ್ಲಿ ಶಾಲೆ ತೆರೆಯುವ ಮುನ್ನಾದಿನ ಮಗನ ಬಟ್ಟೆ ಗಂಟು ಕಟ್ಟಿ ಅವನನ್ನು ಸಿರುಗುಪ್ಪದಲ್ಲಿ ಬಿಟ್ಟು ಬರುತ್ತೇನೆ. ಅಲ್ಲಿ ಅವನ ಎಡಗಿವಿ ಉಳಿಯುತ್ತದೆ, ನನಗೆ ಅನುಮಾನವಿಲ್ಲ. ನನ್ನ ತಂಗಿ ನನಗಿಂತ ಅಚ್ಚುಕಟ್ಟಿನವಳು. ಒಂದು ಸಂಜೆ ಅವಳು ಆ ಹೊಸ್ತಿಲಿನಿಂದ ದನಿ ಏರಿಸದೆ ಇಬ್ಬರನ್ನೂ ಊಟಕ್ಕೆ ಕರೆಯುತ್ತಾಳೆ. ಯಾರೂ ಭುಜ ಮುಟ್ಟದೆ ನನ್ನ ಮಗ ತಿರುಗಿ ನೋಡುತ್ತಾನೆ, ಅವಳ ಕಡೆಗೆ. ಸುದ್ದಿ ಬಂದ ದಿನ ನಾನು ಬಸವಣ್ಣನ ಗುಡಿಗೆ ಹೋಗಿ ಕೈ ಮುಗಿಯುತ್ತೇನೆ. ಮುಗಿದ ಕೈ ಇಳಿಸುವ ಮೊದಲೇ ಉರಿಯಲು ಶುರುಮಾಡುತ್ತೇನೆ.

ಇಂತಿ,
ಹೆತ್ತವರು ಸಿರುಗುಪ್ಪಕ್ಕೆ ಕೊಡದೆ
ನೀವು ಮೆಚ್ಚಿದ ಊರಿಗೆ ಕೊಟ್ಟ ಹಿರಿಯ ಮಗಳು,
ಅಕ್ಕನಾಗಮ್ಮ
ಕುರುಗೋಡು, ಏಪ್ರಿಲ್ ೧೯೫೩